ಬೆನ್ನು ಮೇಲಾದ ಬೀಜಗಳು

"ಇದೇನಮ್ಮ, ಅರವತ್ತನಾಲ್ಕು?" ಜಯಪ್ಪ ಮೇಷ್ಟ್ರು ಯಮುನಳ ಹಾಳೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇಡೀ ಕ್ಲಾಸಿಗೆ ಐವತ್ತರ ಆಸುಪಾಸು ಬಂದಿದೆ. ನಿನಗೊಬ್ಬಳಿಗೆ ಬೇರೆ ಗಣಿತವೇನು?"

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಮೈಸೂರಿನಿಂದ ವರ್ಗವಾಗಿ ಬಂದವರು ಜಯಪ್ಪ. ಘಟ್ಟದ ಮಕ್ಕಳಿಗೆ ಬುದ್ಧಿ ಕಲಿಸಲು ಸರ್ಕಾರ ತನ್ನನ್ನೇ ಆರಿಸಿ ಕಳಿಸಿದೆ ಎಂದು ನಂಬಿದ್ದ ಮಹಾನುಭಾವ. ಸಂಭವನೀಯತೆಯನ್ನು ಆಟವಾಡಿಸಿ ಕಲಿಸುತ್ತೇನೆಂದು ಹೊರಟಿದ್ದರು. ಪುಸ್ತಕದಲ್ಲಿದ್ದುದು ನಾಣ್ಯ, ಇವರು ಜಾಣತನ ತೋರಿಸಿ ಕಾಫಿಬೀಜ ಹಿಡಿದರು. ಬೀಜಕ್ಕೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬಿದ ಬೆನ್ನು. ಎರಡು ಮಗ್ಗುಲಿದ್ದ ಮೇಲೆ ಅರ್ಧಕ್ಕರ್ಧ ಬೀಳಲೇಬೇಕು ಎಂಬುದು ಅವರ ಲೆಕ್ಕ. ಒಬ್ಬೊಬ್ಬರೂ ಮನೆಯಲ್ಲಿ ನೂರು ಸಲ ಬೀಜ ಹಾಕಿ, ಬೆನ್ನು ಮೇಲಾಗಿ ಬಿದ್ದದ್ದನ್ನೆಲ್ಲ ನೂರು ಚೌಕದ ಹಾಳೆಯಲ್ಲಿ ಗುರುತು ಮಾಡಿ ತರಬೇಕು. ಇನ್ಸ್‌ಪೆಕ್ಟರು ಬರುವಾಗ ಗೋಡೆ ತುಂಬ ಅಂಟಿಸಿ ಶಭಾಷ್ ಅನ್ನಿಸಿಕೊಳ್ಳುವ ಚಪಲ.

ಕಾಫಿ ಕಣದಲ್ಲೇ ಅಂಬೆಗಾಲಿಟ್ಟ ಮಕ್ಕಳು ಅವು. ಆದರೂ ಯಮುನಳ ಹೊರತು ಒಬ್ಬರೂ ಬೀಜ ಮುಟ್ಟಿರಲಿಲ್ಲ. ಮೇಷ್ಟ್ರಿಗೆ ಏನು ಬೇಕೆಂದು ಎಲ್ಲರಿಗೂ ಗೊತ್ತಿತ್ತು. ದೇರಪ್ಪನಂತೂ ಊಟಕ್ಕೆ ಕೂತಲ್ಲೇ ಚೌಕ ತುಂಬಿಸಿ ಐವತ್ತೊಂದು ಮಾಡಿದ್ದ. ಆ ಒಂದು ಹೆಚ್ಚಿಗೆ, ನೋಡಿದವರು ನಂಬಲಿ ಅಂತ.

"ಬಿದ್ದದ್ದನ್ನೇ ಬರ್ದದ್ದು ಸಾರ್," ಅಂದಳು ಯಮುನ. "ಬೇಕಾದ್ರೆ ಈಗ ಹಾಕಿ ತೋರಿಸ್ತೇನೆ."

"ಕ್ಲಾಸಿನ ಹೊತ್ತು ಹಾಳು ಮಾಡ್ಬೇಡ. ಐವತ್ತೆರಡು ಅಂತ ತಿದ್ದಿ ಕೊಡು. ಹಾಸ್ಟೆಲಿಗೆ ಒಂದೇ ಹೆಸರು ಕಳಿಸೋದು, ನೆನಪಿರಲಿ."

ನೆನಪಿಲ್ಲದೆ ಏನು? ಮಡಿಕೇರಿಯ ಪುಕ್ಕಟೆ ಹಾಸ್ಟೆಲಿಗೆ ಶಾಲೆಯಿಂದ ಒಬ್ಬರ ಹೆಸರು ಹೋಗುವುದು, ಆರಿಸುವವರು ಜಯಪ್ಪನವರೇ. ಸಂಪಾಜೆಯ ಮನೆಯಲ್ಲಿ ಅಪ್ಪ ಮೊಣ್ಣಪ್ಪ ಹೇಳಿಯಾಗಿತ್ತು: "ಹಾಸ್ಟೆಲ್ ಸಿಕ್ಕಿರೆ ಓದು, ಇಲ್ಲರೆ ಮನೇಲಿ ಕೂರು."

ಯಮುನ ಹಾಳೆಗೆ ಕೈ ಚಾಚಲಿಲ್ಲ. "ತಿದ್ದಿದ್ರೆ ಸುಳ್ಳಾಗ್ತದೆ, ಸಾರ್."

ಮೇಷ್ಟ್ರು ಹಾಳೆಯನ್ನು ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಒತ್ತು ಕೊಟ್ಟರು. ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ದೇರಪ್ಪ.

ಸಂಜೆ ಶಾಲೆ ಬಿಟ್ಟ ಮೇಲೆ ಜಯಪ್ಪ ದೇರಪ್ಪನ ಹೆಸರು ಬರೆದು ಲಕೋಟೆಗೆ ಹಾಕಿದರು. ಅಂಟಿಸುವ ಮುಂಚೆ ಅದೇನು ತುರಿಕೆಯೋ, ಬಾಗಿಲು ಮುಂದೆ ಮಾಡಿ, ಇಪ್ಪತ್ತು ಬೀಜ ಅಂಗೈಯಲ್ಲಿ ಕುಲುಕಿ ಮೇಜಿನ ಮೇಲೆ ಚೆಲ್ಲಿದರು. ಹನ್ನೆರಡು ಬೆನ್ನು ಮೇಲಾಗಿ ಬಿದ್ದವು. ಮತ್ತೆ ಚೆಲ್ಲಿದರು, ಹದಿನಾಲ್ಕು. ಮೇಜು ಓರೆಯಿದೆ ಎಂದು ಗೊಣಗಿ ಇನ್ನೊಂದು ಮೇಜಿಗೆ ಹೋದರು. ಅಲ್ಲೂ ಹನ್ನೆರಡು. ನಾಲ್ಕನೆಯ ಸಲ ಹದಿಮೂರು. ಐದನೆಯ ಸಲ ಚೆಲ್ಲಿ, ಎಣಿಸುವ ಮೊದಲೇ ಜವಾನ ಸುಬ್ಬ ಬಾಗಿಲು ತಳ್ಳಿದ.

"ಟಪಾಲಿಗೆ ಹೊತ್ತಾಯ್ತು ಸಾರ್. ಬಸ್ಸು ಹೊರಡ್ತದೆ."

ಅವನ ಹಿಂದೆ ಯಮುನ ನಿಂತಿದ್ದಳು. ಹಾಸ್ಟೆಲಿನ ಮಾತು ಕೇಳಲು ಇಷ್ಟು ಹೊತ್ತು ಜಗಲಿಯಲ್ಲಿ ಕಾದವಳು.

ಜಯಪ್ಪ ಲಕೋಟೆಯನ್ನು ನೋಡಿದರು. ಒಂದು ಹೆಸರು ಹೊಡೆದು ಇನ್ನೊಂದು ಬರೆಯಲು ಅರ್ಧ ನಿಮಿಷ ಸಾಕಿತ್ತು. ಆ ಮನುಷ್ಯ ನಾಲಗೆಯಿಂದ ಅಂಚು ಒದ್ದೆ ಮಾಡಿ, ಒತ್ತಿ ಅಂಟಿಸಿ, ಸುಬ್ಬನ ಕೈಗಿಟ್ಟ.

"ನಿಂದು ಮುಂದಿನ ವರ್ಷ ನೋಡೋಣಮ್ಮ," ಅಂದರು, ಅವಳ ಮುಖ ನೋಡದೆ.

ಯಮುನ ಮೇಜಿನ ಮೇಲೆ ಚೆಲ್ಲಿದ್ದ ಬೀಜಗಳನ್ನು ನೋಡುತ್ತಿದ್ದಳು. ತುಟಿ ಸಣ್ಣಗೆ ಅಲುಗಾಡುತ್ತಿತ್ತು.

"ಹದಿಮೂರು, ಸಾರ್," ಅಂದು ಮೆಟ್ಟಿಲಿಳಿದಳು.