ಗುಂಡಿಯಿಂದ ಬಂದ ಮಾತು

"ಎದ್ದು ಬಾರೇ ಮುಂಡೆ. ಒಂದು ವಾರ ಅತ್ತಿದ್ದು ಸಾಲ್ದಾ? ಮಧ್ಯಾಹ್ನ ಆಟ ಇದೆ. ಗುಂಡಿಗೆ ನಿಮ್ಮಪ್ಪ ಇಳೀತಾನಾ?"

ನಾಟಕ ಕಂಪನಿಯ ಮಾಲೀಕ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಮುಖಕ್ಕೆ ಅರ್ಧ ಮಾತ್ರ ಬಣ್ಣ ಬಿದ್ದಿತ್ತು. ಒಂದು ಕಡೆ ರಾಜ, ಇನ್ನೊಂದು ಕಡೆ ಇವನೇ. ಮುಂಡೆ ಅನ್ನಿಸಿಕೊಂಡು ಹದಿನೆಂಟು ವರ್ಷವಾಗಿತ್ತು ಅವಳಿಗೆ. ಗಂಡ ಬದುಕಿದ್ದಾಗ ಅದು ಬರೀ ಬೈಗುಳ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಈಗ ಬಿಡಲಾಗಲಿಲ್ಲ.

ರಂಗದ ಹಿಂದಿನ ಆ ಕೋಣೆಯಲ್ಲಿ ಅರ್ಧ ಜಾಗ ಹಳೆ ಪರದೆಗಳದ್ದು, ಮಿಕ್ಕಿದ್ದು ಇವರ ಸಂಸಾರದ್ದು. ಕಿರೀಟಗಳ ಪೆಟ್ಟಿಗೆಯ ಮೇಲೆ ಕೂತು ಮಗಳು ಶಾಲೆಯ ಲೆಕ್ಕ ಬರೆಯುತ್ತಿದ್ದಳು.

ಕಂಪನಿಯವರೆಲ್ಲ ಅವಳನ್ನು ಪಿಸುಮಾತಿನಕ್ಕ ಎನ್ನುತ್ತಿದ್ದರು. ರಂಗದ ಮುಂದಿನ ಅಂಚಿನಲ್ಲಿ ಎದೆಮಟ್ಟದ ಒಂದು ಗುಂಡಿ, ಜನರ ಕಡೆಗೆ ಹಲಗೆಯ ಮರೆ. ಅದರಲ್ಲಿ ಕೂತು, ಪುಸ್ತಕ ನೋಡಿಕೊಂಡು, ನಟರು ಮರೆತ ಮಾತನ್ನು ಪಿಸುಗುಡುವುದು ಅವಳ ಕೆಲಸ. ಬೇರೆಯವರಿಗೆ ಅಲ್ಲೊಂದು ಇಲ್ಲೊಂದು ಮಾತು ಕೊಟ್ಟರೆ ಸಾಕಿತ್ತು. ಮಾಲೀಕನ ಕಥೆಯೇ ಬೇರೆ. ರಾಜನ ಪಾತ್ರವನ್ನು ಯಾರಿಗೂ ಬಿಟ್ಟುಕೊಡದ ಈ ಮಹಾರಾಯ ಜನ್ಮದಲ್ಲಿ ಒಂದು ಸಾಲು ಬಾಯಿಪಾಠ ಮಾಡಿದವನಲ್ಲ. ಅವಳು ಒಂದು ತುಂಡು ಕೊಡಬೇಕು, ಅವನು ಒಂದು ತುಂಡು ಗುಡುಗಬೇಕು. ಅರ್ಥ ಗಿರ್ಥ ತಲೆಗೆ ಹೋಗುತ್ತಲೇ ಇರಲಿಲ್ಲ, ಕಿವಿಗೆ ಬಿದ್ದದ್ದು ನೆಟ್ಟಗೆ ಬಾಯಿಗೆ. ಒಮ್ಮೆ ಆಟದ ನಡುವೆ ಗುಂಡಿಗೆ ಬೆಕ್ಕು ನುಗ್ಗಿತು. "ಥೂ ಶನಿ, ಆಚೆ ಹೋಗು" ಅಂದಳು. ರಾಜ ಎರಡೂ ಕೈ ಚಾಚಿ, ಪ್ರೀತಿಯಿಂದ ಹತ್ತಿರ ಬರುತ್ತಿದ್ದ ರಾಣಿಗೆ ಅದನ್ನೇ ಗುಡುಗಿದ. ಜನ ಬಿದ್ದು ಬಿದ್ದು ನಕ್ಕರು. ಪರದೆ ಇಳಿದ ಮೇಲೆ ಪಿಸುಮಾತಿನಕ್ಕನ ಕೆನ್ನೆ ಊದಿತು.

ಆ ಕೆನ್ನೆಗೆ ಎಣ್ಣೆ ಹಚ್ಚುತ್ತಾ ಗಂಡ ಹೇಳಿದ್ದ: "ನೀನು ಕೊಟ್ಟಿದ್ದನ್ನೆಲ್ಲ ನುಂಗ್ತಾನಲ್ಲೇ ಬೋಳಿಮಗ. ಒಂದಿನ ಒಳ್ಳೇದೇನಾದ್ರೂ ತಿನ್ಸು."

ಅವನಿಗೆ ಅಳಿಲು ಎಂದೇ ಹೆಸರು. ರಂಗದ ಮೇಲಿನ ತೊಲೆಗಳ ಮೇಲೆ ಓಡಾಡಿ ಕಾಡು, ಕಡಲು, ಅರಮನೆಯ ಪರದೆಗಳನ್ನು ಇಳಿಸುವವನು. ಕುಡಿತದ ಮಾತು ಹಾಗಿರಲಿ, ಆಟದ ದಿನ ಹೊಟ್ಟೆ ತುಂಬ ಉಣ್ಣುತ್ತಲೂ ಇರಲಿಲ್ಲ. ಹೊಟ್ಟೆ ಭಾರ ಆದರೆ ಕಾಲು ಮಾತು ಕೇಳಲ್ಲ ಅನ್ನುತ್ತಿದ್ದ. ಮೇಲೆ ಹತ್ತುವ ಹಗ್ಗ ಕೊಳೆತಿದೆ ಎಂದು ಮಾಲೀಕನಿಗೆ ಮೂರು ಸಲ ಹೇಳಿದ್ದ. ಮೂರನೆಯ ಸಲ ಅದರ ತುದಿ ಕಿತ್ತು ತಂದು, ಬೆರಳಲ್ಲಿ ಹೊಸಕಿ ಪುಡಿ ಮಾಡಿ ತೋರಿಸಿದ. "ನಿನ್ನ ಹೆಂಡ್ತಿ ಜಡೆ ಕೊಯ್ಕೊಂಡು ಬಾ, ಅದನ್ನೇ ಕಟ್ಟೋಣ" ಎಂದು ಮಾಲೀಕ ನಕ್ಕ. ಎಲ್ಲರೂ ನಕ್ಕರು. ತಲೆ ತಗ್ಗಿಸಿಕೊಂಡು ಅವಳೂ ನಕ್ಕಿದ್ದಳು. ಯಾಕೆ ನಕ್ಕೆನೋ ಎಂದು ಈ ಒಂದು ವಾರ ತನ್ನನ್ನೇ ಶಪಿಸಿಕೊಂಡಿದ್ದಳು.

ಅವನು ಬಿದ್ದದ್ದು ರಾಜನ ಬೆನ್ನ ಹಿಂದೆ. ಗುಂಡಿಯಿಂದ ಅವಳು ಕಣ್ಣಾರೆ ಕಂಡಳು. ಮಾಲೀಕ ತಿರುಗಿಯೂ ನೋಡದೆ, "ಮುಂದಿನ ಮಾತು ಕೊಡೇ" ಎಂದು ಹಲ್ಲು ಕಚ್ಚಿದ. ಬಾಯಿಗೆ ಹದಿನೆಂಟು ವರ್ಷದ ರೂಢಿ. ಕೊಟ್ಟುಬಿಟ್ಟಳು.

ಈಗ ಮಾಲೀಕ ಒಂದು ಕಾಗದ ಚಾಚಿದ. ನನ್ನ ಗಂಡ ಕುಡಿದು ಮೇಲೆ ಹತ್ತಿ ಕಾಲು ಜಾರಿ ಬಿದ್ದ ಎಂದು ಅದರಲ್ಲಿ ಬರೆದಿತ್ತು.

"ತನಿಖೆ ಸಾಹೇಬ್ರು ಇವತ್ತು ಆಟಕ್ಕೆ ಬರ್ತಾರೆ. ಸಹಿ ಹಾಕು. ಇಲ್ಲಾಂದ್ರೆ ಸಂಜೆಯೊಳಗೆ ಗಂಟುಮೂಟೆ ಕಟ್ಟು."

"ಅವ್ರು ಕುಡೀತಿರ್ಲಿಲ್ಲ ಧಣಿ. ನಿಮಗೂ ಗೊತ್ತು."

"ಸತ್ತೋನು ಎದ್ದು ಬಂದು ಸಾಕ್ಷಿ ಹೇಳ್ತಾನಾ?"

"ಆ ಹಗ್ಗ ಇದ್ಯಲ್ಲ."

"ಎಲ್ಲಿದೆ? ಅವತ್ತೇ ನೀರೊಲೆಗೆ ಹೋಯ್ತು."

ಮಗಳು ಪುಸ್ತಕದಿಂದ ತಲೆ ಎತ್ತಿದಳು. "ಅಮ್ಮ, ಅಪ್ಪ ಕುಡೀತಿದ್ನಾ? ಸ್ಕೂಲಲ್ಲಿ ಎಲ್ರೂ ಹಂಗಂತಾರೆ."

ಮಗಳಿಗೆ ಅಪ್ಪ ಬಿಟ್ಟುಹೋಗಿದ್ದು ಒಂದು ಹೆಸರು. ಅದನ್ನೂ ಇವನು ಕೆಸರಲ್ಲಿ ಅದ್ದುತ್ತಿದ್ದಾನೆ.

"ಆಟ ಮುಗೀಲಿ ಧಣಿ," ಅಂದಳು. "ಆಮೇಲೆ ಹಾಕ್ತೀನಿ."

"ಈಗ ಬುದ್ಧಿ ಬಂತು ಮುಂಡೇದಕ್ಕೆ."

ಸಾಹೇಬರು ಬಂದಾಗ ಅವಳು ಬಾಗಿಲ ಬಳಿಯೇ ಕಾದಿದ್ದಳು. ಕೈ ಮುಗಿದು, "ಸ್ವಾಮಿ, ಹಗ್ಗ ಕೊಳೆತಿತ್ತು, ನಮ್ಮೋರು ಮೂರು ಸಲ..." ಎನ್ನುವಷ್ಟರಲ್ಲಿ ಅವರು ಮೂಗಿಗೆ ಕರವಸ್ತ್ರ ಹಿಡಿದರು.

"ನೋಡಮ್ಮ, ಬಾಯಿಗೆ ಬಂದಿದ್ದು ಯಾರು ಬೇಕಾದ್ರೂ ಹೇಳ್ತಾರೆ. ನಿಮ್ಮ ಮಾಲೀಕ್ರು ಹೇಳ್ಲಿ, ಬರ್ಕೋತೀನಿ. ದಾರಿ ಬಿಡು."

ದಾರಿ ಬಿಟ್ಟಳು. ಅವರು ಹೋಗಿ ಮೊದಲ ಸಾಲಿನ ಮೆತ್ತನೆ ಕುರ್ಚಿಯಲ್ಲಿ ಕೂತರು. ಮಗಳನ್ನು ರಂಗದ ಪಕ್ಕದಲ್ಲಿ, ಮುಂಪರದೆಯ ಹಗ್ಗ ಎಳೆಯುವ ಮುದುಕನ ಹತ್ತಿರ ನಿಲ್ಲಿಸಿ, "ಕಿವಿಗೊಟ್ಟು ಕೇಳು ಮಗಾ" ಎಂದು ಹೇಳಿ ಅವಳು ಗುಂಡಿಗೆ ಇಳಿದಳು. ಅಳಿಲಿಗೆ ತೊಲೆ ಹತ್ತುವುದನ್ನು ಕಲಿಸಿದವನೇ ಆ ಮುದುಕ. ಒಂದು ವಾರದಿಂದ ಅವನು ಯಾರ ಜೊತೆಗೂ ಮಾತಾಡಿರಲಿಲ್ಲ.

ಎರಡು ಅಂಕ ಸಲೀಸಾಗಿ ಹೋಯಿತು. ಅವಳು ತುಂಡು ತುಂಡಾಗಿ ಕೊಟ್ಟಳು, ಅವನು ತುಂಡು ತುಂಡಾಗಿ ಗುಡುಗಿದ. ಮೂರನೆಯ ಅಂಕದಲ್ಲಿ ರಾಜನ ನ್ಯಾಯಸಭೆ. ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು.

"ಪ್ರಜೆಗಳೇ, ಕೇಳಿ."

"ಪ್ರಜೆಗಳೇ, ಕೇಳಿ!"

"ನನ್ನ ಸೇವಕನೊಬ್ಬ ಮೇಲಿನಿಂದ ಬಿದ್ದು ಸತ್ತ."

"ನನ್ನ ಸೇವಕನೊಬ್ಬ ಮೇಲಿನಿಂದ ಬಿದ್ದು ಸತ್ತ!"

"ಅವನು ಕುಡಿದಿರಲಿಲ್ಲ."

"ಅವನು ಕುಡಿದಿರಲಿಲ್ಲ!" ಮಾಲೀಕ ಎದೆ ತಟ್ಟಿಕೊಂಡ. ಗತ್ತಿನ ಮಾತು ಸಿಕ್ಕಿದರೆ ಎರಡು ಸಲ ಹೇಳುವುದು ಅವನ ಚಾಳಿ. "ಅವನು ಕುಡಿದಿರಲಿಲ್ಲ!"

"ಹಗ್ಗ ಕೊಳೆತಿತ್ತು. ಮೂರು ಸಲ ಹೇಳಿದ್ದ. ನಾನು ನಕ್ಕೆ."

"ಹಗ್ಗ ಕೊಳೆತಿತ್ತು! ಮೂರು ಸಲ ಹೇಳಿದ್ದ! ನಾನು ನ..."

ಅಲ್ಲಿಗೆ ನಿಂತ. ಜನ ಚಪ್ಪಾಳೆ ಹೊಡೆದರು, ಅವರಿಗೇನು ಗೊತ್ತು. ಮೊದಲ ಸಾಲಿನಲ್ಲಿ ಸಾಹೇಬರೂ ಹೊಡೆಯುತ್ತಿದ್ದರು, ಅರ್ಧಕ್ಕೇ ಅವರ ಕೈ ನಿಂತಿತು. ಮಾಲೀಕನ ಮುಖದ ಬಣ್ಣದ ಮೇಲೆ ಬೆವರು ಇಳಿಯಿತು. ಗುಂಡಿಯ ಕಡೆ ಬಗ್ಗಿ ಹಲ್ಲು ಕಚ್ಚಿದ.

"ಮುಂದಿನ ಮಾತು ಕೊಡೇ."

ಅವಳು ಕೊಡಲಿಲ್ಲ. ಗುಂಡಿಯಲ್ಲಿ ಎದ್ದು ನಿಂತಳು. ಹಲಗೆಯ ಮರೆಯ ಮೇಲೆ ಅವಳ ತಲೆ ಜನರಿಗೆ ಕಂಡಿದ್ದು ಹದಿನೆಂಟು ವರ್ಷದಲ್ಲಿ ಇದೇ ಮೊದಲು. ಅವಳು ಜನರನ್ನಾಗಲಿ ಸಾಹೇಬರನ್ನಾಗಲಿ ನೋಡಲಿಲ್ಲ. ರಂಗದ ಪಕ್ಕದಲ್ಲಿದ್ದ ಮಗಳನ್ನು ನೋಡಿದಳು. ಹುಡುಗಿ ಅಳುತ್ತಿತ್ತು.

ಮಾಲೀಕ ಪರದೆ ಬಿಡು ಎಂದು ಮುದುಕನಿಗೆ ಕೈ ಬೀಸಿದ. ಮತ್ತೆ ಬೀಸಿದ. ಮುದುಕ ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಬಿಗಿದು, ಅದಕ್ಕೇ ಬೆನ್ನು ಕೊಟ್ಟು ಕೂತ.

"ಮೇಲೆ ಸಿಕ್ಕಾಕ್ಕೊಂಡಿದೆ ಧಣಿ," ಅಂದ, ಸಭೆಗೆಲ್ಲ ಕೇಳುವ ಹಾಗೆ. "ಹತ್ತಿ ಬಿಡ್ಸೋರು ಯಾರೂ ಇಲ್ಲ."