ತುಂಬಿ ಬಂದ ಕಂಡಿಕೆಗಳು

೧೮೫೮ರ ನರಗುಂದದ ಬಂಡಾಯಕ್ಕೆ ಇನ್ನೂ ಮೂರು ವರ್ಷ ಇದ್ದಾಗಿನ ಮಾತು ಇದು. ಗಜೇಂದ್ರಗಡದ ಒಂದು ನೇಕಾರರ ಓಣಿಯವರು ಓಣಿಯ ಹೆಬ್ಬಾಗಿಲಾದ ಅಗಸಿಗೆ ಕಾವಲು ಹಾಕಿದ್ದರು. ಕಾವಲು ಕಳ್ಳರಿಗಲ್ಲ, ಕೆಮ್ಮಿಗೆ. ನರೇಗಲ್ ಸಂತೆಯಲ್ಲಿ ಹೊಸದೊಂದು ಕೆಮ್ಮು-ಜ್ವರ ಎದ್ದಿದೆ, ಹರೆಯದವರು ನಾಲ್ಕು ದಿನ ಮಲಗಿ ಏಳುತ್ತಾರೆ, ಮುದುಕರು ಏಳುವುದೇ ಇಲ್ಲ ಎಂದು ಸುದ್ದಿ ಬಂದಿತ್ತು. ವೈರಸ್ ಅನ್ನುವ ಮಾತು ಆಗ ಯಾರ ಕಿವಿಗೂ ಬಿದ್ದಿರಲಿಲ್ಲ.

ಕಾವಲು ಹಾಕಿಸಿದವನು ಓಣಿಯ ಹಿರಿಯ ಅಂದಾನಪ್ಪ. ಅವನ ಒಬ್ಬಳೇ ಮಗಳು ಚನ್ನವ್ವ ಚೊಚ್ಚಲ ಬಸುರಿ, ಏಳನೆಯ ತಿಂಗಳಿಗೆ ತವರಿಗೆ ಬಂದಿದ್ದಳು. ಅವಳ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ಆ ಜ್ವರ ಅವಳಿಗೆ ತಗಲಿದರೆ ಹೋಗುವುದು ಎರಡು ಜೀವ. ತಂದೆಯ ಹೆದರಿಕೆ ಅದು, ಅದಕ್ಕೆ ನಗಬಾರದು.

ಆದರೆ ಕಾವಲು ಕಾಯುತ್ತಿದ್ದ ರೀತಿಗೆ ಸ್ವಲ್ಪ ನಗಬಹುದು. ಮಾಗಿಯ ಚಳಿ. ಅಂದಾನಪ್ಪ, ನೆರೆಮನೆಯ ದ್ಯಾಮಪ್ಪ, ಇನ್ನೂ ಇಬ್ಬರು ಅಗಸಿ ಕಟ್ಟೆಯ ಮೇಲೆ ಒಂದೇ ಕಂಬಳಿ ಹೊದ್ದು, ಒಂದೇ ಚಿಲುಮೆ ಸೇದುತ್ತ ಕೂತಿರುತ್ತಿದ್ದರು. ದಾರಿಯ ಮೇಲೆ ಯಾರಾದರೂ ಕೆಮ್ಮಿದರೆ ನಾಲ್ವರೂ ಎದ್ದು ಗದರುತ್ತಿದ್ದರು. ಗದರುವಾಗ ದ್ಯಾಮಪ್ಪನೂ ಕೆಮ್ಮುತ್ತಿದ್ದ. ಅದು ಚಿಲುಮೆಯ ಕೆಮ್ಮು ಎಂದು ಎಲ್ಲರೂ ಬಿಟ್ಟುಬಿಟ್ಟರು.

ಓಣಿಯ ಮನೆಮನೆಗೂ ದಿನಾ ಹೋಗುತ್ತಿದ್ದವಳು ಮಾಬೂಬಿ. ಅರವತ್ತರ ಹೆಂಗಸು, ಅದೇ ಓಣಿಯ ಕೊನೆಯ ಮನೆಯವಳು. ರಾಟಿಯ ಮೇಲೆ ನೂಲು ಸುತ್ತಿ ಕಂಡಿಕೆ ಮಾಡುವುದು ಅವಳ ಕೆಲಸ. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂಡಿಸುವ ನೂಲಿನ ಸುರುಳಿ. ಬೆಳಿಗ್ಗೆ ಹನ್ನೊಂದು ಮನೆಗೆ ತುಂಬಿದ ಕಂಡಿಕೆ ಕೊಡುವಳು, ಸಂಜೆ ಖಾಲಿಯಾದವನ್ನು ಬುಟ್ಟಿಗೆ ಹಾಕಿಕೊಂಡು ಹೋಗುವಳು.

ಕುಬಸಕ್ಕೆ ಎಂಟು ದಿನ ಇದ್ದಾಗ ಒಂದು ಸಂಜೆ ಅವಳು ಅಂದಾನಪ್ಪನ ಮನೆಯ ಹೊಸ್ತಿಲ ಹೊರಗೇ ನಿಂತಳು.

"ಒಳಗ ಬಾರಕ್ಕಾ, ಹೊರಗ್ಯಾಕ ನಿಂತಿ?" ಅಂದಳು ಅಂದಾನಪ್ಪನ ಹೆಂಡತಿ ಸಿದ್ದಲಿಂಗವ್ವ.

"ಬ್ಯಾಡವ್ವಾ, ಇಲ್ಲೇ ಇರತೀನಿ. ತಮ್ಮಾ ಅಂದಾನಪ್ಪಾ, ಈ ಬುಟ್ಟಿ ಒಂಚೂರು ನೋಡು."

ಅಂದಾನಪ್ಪ ಮಗ್ಗದ ಕುಣಿಯಿಂದಲೇ ಕತ್ತು ಚಾಚಿದ. "ಏನೈತಿ ಅದರಾಗ? ಕಂಡಿಕಿ."

"ಖಾಲಿ ಬರಬೇಕಾಗಿತ್ತು. ತುಂಬಿದ್ದು ತುಂಬಿದ್ಹಾಂಗ ಬಂದಾವು, ನೇಯ್ದೇ ಇಲ್ಲ. ಹೋದ ವಾರ ಎರಡು ಮನಿ, ಈಗ ಏಳು ಮನಿ. ಕೇಳಿದ್ರ ಒಬ್ರು ಮೈ ಕೈ ನೋವು ಅಂತಾರ, ಒಬ್ರು ನೆಗಡಿ ಅಂತಾರ, ಒಬ್ರು ಮಗ್ಗ ಕೆಟ್ಟೈತಿ ಅಂತಾರ. ಮಂದಿ ಬ್ಯಾನಿ ಮುಚ್ಚಿಡತಾರ, ಬುಟ್ಟಿ ಮುಚ್ಚಿಡಂಗಿಲ್ಲ."

"ಚಳಿಗಾಲ ಐತಲ್ಲಕ್ಕಾ. ಒಳಗ ಯಾರನ್ನೂ ಬಿಟ್ಟಿಲ್ಲ ನಾವು. ಇಪ್ಪತ್ತು ದಿನ ಆತು, ಒಂದು ನರಪಿಳ್ಳಿನೂ ದಾಟಿಲ್ಲ."

"ಅದನ್ನ ಹೇಳಾಕತ್ತೀನಿ ನಾನೂ. ಹೊರಗಿನವರು ಬಂದಿಲ್ಲ, ಬ್ಯಾನಿ ಬೆಳೀಲಿಕ್ಕತ್ತೈತಿ. ಅಂದ್ರ ಅದು ನಿಮ್ಮ ಕಾವಲಿಕಿಂತ ಮೊದಲ ಒಳಗ ಬಂದು ಕುಂತೈತಿ. ಕುಬಸ ಮುಂದಕ ಹಾಕು ತಮ್ಮಾ."

ಅಂದಾನಪ್ಪನಿಗೆ ಸಿಟ್ಟು ಬಂತು. "ಚೊಚ್ಚಲ ಕುಬಸ ಅದು. ಶಿರೋಳದ ಬೀಗರು ಬುತ್ತಿ ಕಟ್ಟಿಕೊಂಡು ಬರತಾರ."

"ಬೀಗರು ಹೊರಗಿನವರಲ್ಲೇನು?"

"ಬೀಗರು ಹೊರಗಿನವರು ಹ್ಯಾಂಗ ಆಗತಾರ?" ಎಂದು ಅಂದಾನಪ್ಪ ನಿಜವಾಗಿಯೂ ಅಚ್ಚರಿಪಟ್ಟು ಕೇಳಿದ.

ಮಾತಾಡುತ್ತಲೇ ಅವನ ಕಂಡಿಕೆ ಮುಗಿಯಿತು. ಹೊಸದನ್ನು ಕೂಡಿಸಿ, ಲಾಳಿಯ ಸಣ್ಣ ತೂತಿಗೆ ತುಟಿ ಇಟ್ಟು, ಉಸಿರೆಳೆದು ನೂಲಿನ ತುದಿಯನ್ನು ಹೊರಗೆ ಹೀರಿದ. ಎಲ್ಲ ನೇಕಾರರೂ ಹಾಗೇ ಮಾಡುತ್ತಿದ್ದರು, ದಿನಕ್ಕೆ ಹತ್ತಾರು ಸಲ.

"ಆ ಲಾಳಿ ಯಾರದು?" ಮಾಬೂಬಿ ಕೇಳಿದಳು.

"ದ್ಯಾಮಪ್ಪಂದು. ನಂದು ಸೀಳೇತಿ. ಅವಾ ನಾಲ್ಕು ದಿನದಿಂದ ನೇಯಾಕತ್ತಿಲ್ಲ, ಇಸಗೊಂಡು ಬಂದೆ."

"ಅವಾ ಯಾಕ ನೇಯಾಕತ್ತಿಲ್ಲ?"

ಅಂದಾನಪ್ಪ ಲಾಳಿಯನ್ನು ಎಳೆಗಳ ನಡುವೆ ದೂಡಿದ. ಗಂಟಲು ಕೆರೆಯಿತು, ಕೆಮ್ಮಿದ. ಇದು ನೂಲಿನ ಧೂಳು ಅಂದ. ಮಾಬೂಬಿ ಬುಟ್ಟಿ ಎತ್ತಿಕೊಂಡು ಹೋದಳು.

ಮೂರನೆಯ ದಿನ ಎದುರು ಮನೆಯ ಮುದುಕಿ ಯಂಕವ್ವ ತೀರಿಕೊಂಡಳು. ಎರಡು ದಿನ ಕೆಮ್ಮು, ಒಂದು ದಿನ ಏದುಸಿರು, ಅಷ್ಟೇ. ಯಂಕವ್ವನ ಕಾಲು ಬಿದ್ದುಹೋಗಿ ಎರಡು ವರ್ಷವಾಗಿತ್ತು. ಅವಳು ಸಂತೆಗಿರಲಿ, ತನ್ನ ಮನೆಯ ಅಂಗಳಕ್ಕೂ ಇಳಿದವಳಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಂದಾನಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕೂತ. ಮಾಬೂಬಿ ಓಣಿಯ ಆಚೆ ಬದಿಗೆ ನಿಂತಿದ್ದಳು.

"ಆಕಿ ಯಾವ ಸಂತಿಗೆ ಹೋಗಿದ್ಲು ಅಕ್ಕಾ?" ಎಂದು ಅವನೇ ಕೇಳಿದ. "ದಿನಾ ಮುಂಜಾನೆ ಹೋಗಿ ಆಕಿ ಹಾಸಿಗಿ ಮಗ್ಗಲಕ ಕುಂದರತಿದ್ದೆ. ಅಗಸಿ ಸುದ್ದಿ ಹೇಳತಿದ್ದೆ, ಯಾರನ್ನೂ ಬಿಟ್ಟಿಲ್ಲವ್ವಾ, ನೀ ನಿಶ್ಚಿಂತಿ ಇರು ಅಂತ. ಬ್ಯಾನಿ ನಾನ ಒಯ್ದು ಕೊಟ್ಟೆ."

"ನೀನ ಅಂತ ಯಾಕ ಅಂತಿ? ಕಂಡಿಕಿ ಕೊಡಾಕ ನಾನೂ ಹೋಗಿದ್ದೆ. ನಾನೂ ಒಯ್ದಿರಬಹುದು. ಯಾರು ತಂದ್ರು ಅಂತ ಹುಡುಕಿದ್ರ ಯಂಕವ್ವ ಬರಂಗಿಲ್ಲ. ಇನ್ನ ಯಾರಿಗೆ ಕೊಡಬಾರದು ಅಂತ ನೋಡು."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆ ಗಾದೆಯನ್ನು ಅಂದಾನಪ್ಪ ಎಷ್ಟೋ ಮಂದಿಗೆ ಹೇಳಿ ನಕ್ಕಿದ್ದ. ಈಗ ಅದು ತನ್ನದೇ ಅಗಸಿಯ ಕಥೆ ಎಂದು ತಿಳಿದು ತಲೆ ತಗ್ಗಿಸಿದ.

ಅಷ್ಟರಲ್ಲಿ ಒಳಗಿನಿಂದ ಚನ್ನವ್ವ ತಂಬಿಗೆಯಲ್ಲಿ ನೀರು ತಂದಳು. ಹೊಟ್ಟೆಯ ಭಾರಕ್ಕೆ ಒಂದು ಕೈ ಸೊಂಟದ ಮೇಲಿತ್ತು. ದಿನಾ ತಂದು ತಂದೆಯ ಕೈಗೇ ಕೊಡುತ್ತಿದ್ದಳು.

"ಅಲ್ಲೇ ನಿಂದರು," ಅಂದ ಅಂದಾನಪ್ಪ. "ಹೊಸ್ತಿಲ ಮ್ಯಾಲ ಇಟ್ಟು ಒಳಗ ಹೋಗವ್ವಾ."

"ಯಾಕಪ್ಪಾ, ನಾ ಏನು ಮಾಡೀನಿ?"

"ನೀ ಏನೂ ಮಾಡಿಲ್ಲ. ನನಗ ಕೆಮ್ಮು ಐತಿ."

ಇಷ್ಟು ದಿನಗಳಲ್ಲಿ ಆ ಮಾತನ್ನು ಓಣಿಯಲ್ಲಿ ಮೊದಲ ಸಲ ಒಬ್ಬರು ಬಾಯಿಬಿಟ್ಟು ಹೇಳಿದ್ದರು. ಎದುರು ಸಾಲಿನ ಒಂದು ಮನೆಯಿಂದ "ನಮಗೂ ಐತ್ರಿ" ಎಂಬ ದನಿ ಬಂತು. ಆಮೇಲೆ ಇನ್ನೊಂದು ಮನೆಯಿಂದ. ಹಿರಿಯನೇ ಹೇಳಿದ ಮೇಲೆ ಉಳಿದವರಿಗೆ ಇನ್ನೇನು ನಾಚಿಕೆ.

ಅಂದಾನಪ್ಪ ತನ್ನ ಕಂಬಳಿ ಎತ್ತಿಕೊಂಡು ಅಗಸಿ ಕಟ್ಟೆಗೆ ಹೋದ. ಅಲ್ಲಿನ ಕಾವಲುಗಾರರನ್ನು ಮನೆಗೆ ಕಳಿಸಿ, ಕಟ್ಟೆಯ ಪಕ್ಕದ ಪಡಸಾಲೆಯಲ್ಲಿ ಒಬ್ಬನೇ ಹಾಸಿಕೊಂಡ. ಸಿದ್ದಲಿಂಗವ್ವ ಗಂಜಿಯನ್ನು ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಿದ್ದಳು. ಕುಬಸದ ಹಿಂದಿನ ದಿನ ಶಿರೋಳದ ಬೀಗರು ಬಂದಾಗ ಅವನು ಪಡಸಾಲೆಯಿಂದಲೇ ಸುದ್ದಿ ಹೇಳಿ ಕೈ ಮುಗಿದ. ಅವರು ಬುತ್ತಿ ಇಟ್ಟು, ಮನಸ್ಸು ಭಾರ ಮಾಡಿಕೊಂಡು ತಿರುಗಿ ಹೋದರು.

ಕುಬಸದ ದಿನ ಚನ್ನವ್ವನ ಮನೆಗೆ ಯಾರೂ ಬರಲಿಲ್ಲ. ಹಸಿರು ಕುಬಸ ತೊಟ್ಟು ಅವಳು ಬಾಗಿಲಲ್ಲಿ ಕೂತಳು. ಓಣಿಯ ಹೆಂಗಸರು ತಮ್ಮ ತಮ್ಮ ಹೊಸ್ತಿಲ ಮೇಲೆ ನಿಂತು ಸೋಬಾನೆ ಹಾಡಿದರು. ಹಾಡು ಅಗಸಿಯವರೆಗೂ ಕೇಳಿತು. ಅಂದಾನಪ್ಪ ಅತ್ತ.

ಮಾಬೂಬಿ ಪ್ರತಿ ಮನೆಗೆ ಒಂದು ಬಾಗಿಸಿದ ತಂತಿಯ ಕೊಕ್ಕೆ ಮಾಡಿ ಕೊಟ್ಟಳು. ನೂಲನ್ನು ಅದರಿಂದ ಎಳೆಯಬೇಕು, ಲಾಳಿಗೆ ಬಾಯಿ ಹಚ್ಚಬಾರದು. ಯಂಕವ್ವನ ನಂತರ ಆ ಓಣಿಯಲ್ಲಿ ಇನ್ನೊಬ್ಬ ಮುದುಕ ಹೋದ. ಇಷ್ಟೆಲ್ಲ ಮಾಡದಿದ್ದರೆ ಎಷ್ಟು ಮಂದಿ ಹೋಗುತ್ತಿದ್ದರೋ ಹೇಳಲಾಗದು. ಒಂದು ತಿಂಗಳಿಗೆ ಬುಟ್ಟಿಗೆ ಮತ್ತೆ ಖಾಲಿ ಕಂಡಿಕೆ ಬೀಳತೊಡಗಿದವು. ಎರಡು ತಿಂಗಳಿಗೆ ಚನ್ನವ್ವ ಹೆಣ್ಣು ಹೆತ್ತಳು. ಅಜ್ಜ ಕೂಸನ್ನು ಎತ್ತಿಕೊಳ್ಳುವ ಮೊದಲು ಮಾಬೂಬಿಯ ಕಡೆ ನೋಡಿದ.

"ಕೆಮ್ಮು ಹೋಗಿ ಎಷ್ಟು ದಿನ ಆತು?" ಅಂದಳು.

"ನಲವತ್ತು."

"ಹಂಗಾದ್ರ ಎತ್ಕೋ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಬ್ಬಳು ಬಸುರಿ ಇರಬಹುದು, ಹಾಸಿಗೆ ಹಿಡಿದ ಒಬ್ಬಳು ಅಜ್ಜಿ ಇರಬಹುದು. ಹೊಸ ರೋಗ ಯಾವಾಗಲೂ ಪರವೂರಿನ ಮುಖ ಹೊತ್ತು ಬರುವುದಿಲ್ಲ. ನಮ್ಮವರದೇ ಸಣ್ಣ ಕೆಮ್ಮಾಗಿ ಒಳಗೆ ಕೂತಿರುತ್ತದೆ. ಕೆಮ್ಮು, ಜ್ವರ ಬಂದರೆ ಮುಚ್ಚಿಡಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ, ದವಾಖಾನೆಗೆ ತೋರಿಸಿ. ಬಾಯಿ ಮೂಗು ಮುಚ್ಚಿಕೊಳ್ಳಿ, ಕಿಟಕಿ ತೆರೆದಿಡಿ, ಗುಣವಾಗುವವರೆಗೆ ನಾಲ್ಕು ಮಂದಿ ಸೇರುವಲ್ಲಿಗೆ ಹೋಗಬೇಡಿ. ಯಾರು ತಂದರು ಎಂದು ಬೆರಳು ತೋರಿಸಬೇಡಿ. ನೀರು ತಂದ ಮಗಳಿಗೆ "ಅಲ್ಲೇ ಇಡವ್ವಾ, ನನಗ ಕೆಮ್ಮು ಐತಿ" ಎಂದು ಹೇಳುವ ಧೈರ್ಯ ಇವತ್ತೇ ತಂದುಕೊಳ್ಳಿ.