ಭಾವನ ಹೆಬ್ಬೆರಳು ಕೂರುವ ಜಾಗ

ಅವನು ಕಾರ್ಕಿನ ಹಿಡಿ ಕೂರಿಸಿಕೊಟ್ಟ ಗಾಳದ ಕೋಲನ್ನು ನೀರಿನ ಮೇಲೆ ಚಾಚಿದರೆ ಸಾಕು, ಕೆರೆಯ ಮೀನುಗಳು ಗಾಳಕ್ಕೂ ಕಾಯದೆ ದಡಕ್ಕೆ ಹಾರಿ, ಆ ಹಿಡಿಯನ್ನು ಒಮ್ಮೆ ಮೂಸಿ, ಇಂಥ ಕೋಲಿಗೆ ಸಿಕ್ಕಿ ಸಾಯುವುದಕ್ಕೂ ಪುಣ್ಯ ಬೇಕೆಂದು ತಾವಾಗಿಯೇ ಬುಟ್ಟಿಗೆ ಬೀಳುತ್ತಿದ್ದವು. ಒಂದು ಮುದಿ ಮೀನಂತೂ ಬುಟ್ಟಿಯಲ್ಲಿ ಜಾಗವಿಲ್ಲವೆಂದು ಕಣ್ಣೀರು ಹಾಕುತ್ತ ಮನೆಗೆ ಮರಳಿತ್ತು. ಇದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ, ಕಿವಿಯಾರೆ ಕೇಳದವರೂ ಇಲ್ಲ. ಏಕೆಂದರೆ ಹೇಳುತ್ತಿದ್ದವನು ಅವನೇ. ಬೀದಿಯವರು ಅವನಿಗೆ ಬಡಾಯಿ ಎಂದು ಹೆಸರಿಟ್ಟಿದ್ದರು. ಅವನು ಅದನ್ನೂ ಬಿರುದಿನಂತೆ ಹೇಳಿಕೊಂಡು ತಿರುಗುತ್ತಿದ್ದ.

ಅಂಥ ಬಾಯಿ ಆ ಬೆಳಗ್ಗೆ ಫೋನ್ ಹಿಡಿದುಕೊಂಡು ಒಣಗಿ ಹಪ್ಪಳವಾಗಿತ್ತು. ಆ ಕಡೆ ಅಕ್ಕ ಮಾತಾಡುತ್ತಿದ್ದಳು. ಎದುರಿನ ಮೇಜಿನ ಮೇಲೆ ಭಾವನ ಕೋಲು ಮಲಗಿತ್ತು.

ಭಾವ ದರ್ಜಿ. ಲಕ್ವ ಹೊಡೆದು ಎದ್ದ ಮೇಲೆ ಅವನ ಬಲಗೈಯ ಎರಡು ಬೆರಳು ಹೆಸರಿಗಷ್ಟೇ ಕೈಯಲ್ಲಿದ್ದವು. ಕತ್ತರಿ ಹಿಡಿದರೆ ಕತ್ತರಿ ನೆಲಕ್ಕೆ. ಅಂಗಡಿಯ ಬಾಗಿಲು ಹಾಕಿ ಕಿಟಕಿಯ ಪಕ್ಕ ಕೂತವನು ಮಾತಿನ ಬಾಗಿಲನ್ನೂ ಹಾಕಿಕೊಂಡುಬಿಟ್ಟಿದ್ದ. ಮೊನ್ನೆ ತಾನಾಗಿಯೇ ಕೆರೆಗೆ ಹೋಗೋಣ ಎಂದನಂತೆ. ಅಕ್ಕ ಖುಷಿಯಲ್ಲಿ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬಂದು ಕೋಲನ್ನು ತಮ್ಮನ ಕೈಗೆ ಕೊಟ್ಟಿದ್ದಳು. ಹಿಡಿಯ ಕಾರ್ಕು ಬೆವರು, ಎರೆಹುಳುವಿನ ಮಣ್ಣು, ಮೀನಿನ ಲೋಳೆ ಕುಡಿದು ಕಪ್ಪಾಗಿತ್ತು. ಮೈತುಂಬ ಸಿಡುಬಿನ ಕಲೆಯಂಥ ತೂತುಗಳು. ಕೊಳೆ ತೆಗೆದು, ತೂತು ಮುಚ್ಚಿ, ನೀರು ಕುಡಿಯದ ಹಾಗೆ ಸೀಲರ್ ಬಳಿದುಕೊಡು ಎಂದಿದ್ದಳು. ಆಮೇಲೆ ಬಾಗಿಲಲ್ಲಿ ನಿಂತು ಇನ್ನೂ ಏನೋ ಹೇಳುತ್ತಿದ್ದಳು. ಅದೇ ಹೊತ್ತಿಗೆ ಅವನು ಮುದಿ ಮೀನಿನ ಕಣ್ಣೀರಿನ ಕಥೆ ಹೇಳುತ್ತಿದ್ದ. ಇಬ್ಬರೂ ಒಟ್ಟಿಗೆ ಮುಗಿಸಿದರು.

ಈಗ ಅದನ್ನೇ ಅಕ್ಕ ಮತ್ತೆ ಹೇಳುತ್ತಿದ್ದಳು.

"ಕೈಗೆ ಏನು ಕೊಟ್ರೂ ಜಾರುತ್ತೆ ಕಣೋ ಅವರಿಗೆ. ಲೋಟ, ಚಮಚ, ಬಾಚಣಿಗೆ, ಎಲ್ಲಾ. ಆ ಕೋಲು ಒಂದೇ ನಿಲ್ಲೋದು. ಹೆಬ್ಬೆರಳು ತಾನೇ ಹುಡುಕ್ಕೊಂಡು ಹೋಗಿ, ವರ್ಷಗಟ್ಟಲೆ ಹಿಡಿದು ಸವೆದಿರೋ ಆ ಗುಳೀಲಿ ಕೂತ್ಕೊಳ್ಳುತ್ತೆ. ಅದನ್ನ ಮಾತ್ರ ಮುಟ್ಟಬೇಡ ಅಂದಿದ್ದೆ. ಮುಟ್ಟಿಲ್ಲ ತಾನೆ?"

"ಮುಟ್ಟೋದಾ? ಅದರ ಕಡೆ ತಿರುಗಿ ಉಸಿರೂ ಬಿಟ್ಟಿಲ್ಲ, ಅಕ್ಕ."

ಫೋನ್ ಇಟ್ಟು ಅವನು ಹಿಡಿಯನ್ನು ನೋಡಿದ. ಗುಳಿ ಎಲ್ಲಿತ್ತು? ಇಲಿ ಕಡಿದಿರಬೇಕೆಂದು ಅಂದಾಜು ಮಾಡಿ, ಕಾರ್ಕಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಸಣ್ಣ ತೂತುಗಳ ಜೊತೆಗೆ ಅದನ್ನೂ ತುಂಬಿ, ಕೋಲನ್ನು ಲೇತಿಗೆ ಸಿಕ್ಕಿಸಿ ತಿರುಗಿಸಿ ಮರಳುಕಾಗದ ಹಿಡಿದು ನುಣ್ಣಗೆ ಮಾಡಿದ್ದ. ಗುಳಿಯಿದ್ದ ಜಾಗ ಹುಡುಕಲು ದುರ್ಬೀನು ಬೇಕು, ಹಾಗೆ ತುಂಬಿದ್ದ. ತನ್ನ ಕೆಲಸ ಇಷ್ಟು ಚೆನ್ನಾಗಿ ಆಗಿದ್ದಕ್ಕೆ ಅವನು ಹುಟ್ಟಿದಂದಿನಿಂದ ಮೊದಲ ಸಲ ಹೊಟ್ಟೆ ಉರಿಸಿಕೊಂಡ.

ಊಟದ ಹೊತ್ತಿಗೆ ಅಕ್ಕ, ಭಾವ ಇಬ್ಬರೂ ಬರುವವರಿದ್ದರು.

ಕೋಣೆಯ ಚಿಲಕ ಹಾಕಿಕೊಂಡ. ತನ್ನ ಹೆಬ್ಬೆರಳಿಗೆ ಮರಳುಕಾಗದ ಸುತ್ತಿ, ಗುಳಿ ಇತ್ತೆಂದು ನೆನಪಿದ್ದ ಕಡೆ ಒತ್ತಿ ಉಜ್ಜತೊಡಗಿದ. ಆಮೇಲೆ ಹೊಳೆಯಿತು, ದೇವರು ಎಷ್ಟು ಕುಚೋದ್ಯಗಾರ ಅಂತ. ಅಂಟು ಕುಡಿದ ಪುಡಿ ಕಲ್ಲು, ಪಕ್ಕದ ಕಾರ್ಕು ಬೆಣ್ಣೆ. ಉಜ್ಜಿದಷ್ಟೂ ಬೆಣ್ಣೆ ಕರಗುತ್ತಿತ್ತು, ಕಲ್ಲು ಅಲ್ಲೇ ಗುಡ್ಡೆಯಾಗಿ ಏಳುತ್ತಿತ್ತು. ಗುಳಿ ಮಾಡಲು ಹೋಗಿ ಗುಬುಟು ಮಾಡಿದ್ದ.

ಬಾಗಿದ ಉಳಿ ತೆಗೆದ. ಹಲ್ಲು ಕೀಳುವವರ ಹಾಗೆ ತುಣುಕುತುಣುಕಾಗಿ ಕೆತ್ತಬೇಕು. ಕಾರ್ಕಿನ ಅಡಿಯಲ್ಲಿ ಕೋಲಿನ ಟೊಳ್ಳು ಮೈ ಇದೆ. ಉಳಿ ಒಮ್ಮೆ ಆಳಕ್ಕೆ ಜಾರಿದರೆ ಹಿಡಿಯೊಂದೇ ಅಲ್ಲ, ಕೋಲೇ ಹೋಯಿತು. ಬೆವರು ಮೂಗಿನ ತುದಿಯಲ್ಲಿ ತೂಗಿತು. ಅದನ್ನು ತೋಳಿಗೆ ಒರೆಸಿಕೊಂಡು ಮತ್ತೆ ಕೆತ್ತಿದ. ಅಂಟಿನ ಒಂದು ಚೂರು ಪಕ್ಕದ ಕಾರ್ಕಿನ ಸಮೇತ ಎದ್ದುಬಂದಾಗ ಅವನ ಜೀವವೂ ಅದರ ಜೊತೆ ಅರ್ಧ ಎದ್ದುಬಂತು. ಅದನ್ನು ನೆಕ್ಕಿಯಾದರೂ ಅಂಟಿಸುವವನ ಹಾಗೆ ಬೆರಳಿನಿಂದ ಒತ್ತಿ ನೋಡಿದ. ನಿಲ್ಲಲಿಲ್ಲ.

ಹೊರಗಿನಿಂದ ಹೆಂಡತಿ, ಒಳಗೆ ಯಾರ ಜೊತೆ ಮಾತಾಡ್ತಿದ್ದೀರಿ ಎಂದು ಕೇಳಿದಳು. ಕಾರ್ಕಿನ ಜೊತೆ, ಎಂದ. ಸದ್ಯ, ಅದಾದರೂ ಎದುರು ಮಾತಾಡಲ್ಲ, ಎಂದು ಅವಳು ಹೋದಳು.

ಕಡೆಗೂ ಗುಳಿಯಂಥದ್ದೊಂದು ಕಂಡಿತು. ತನ್ನ ಹೆಬ್ಬೆರಳು ಇಟ್ಟು ನೋಡಿದ, ತೊಟ್ಟಿಲಿಗೆ ಮಗು ಹಾಕಿದ ಹಾಗೆ ಕೂತಿತು. ಇನ್ನು ಸೀಲರ್. ಬೆರಳ ತುದಿಯಲ್ಲಿ ತೆಗೆದು, ಬಳಿದಿದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಬಳಿದು ಒರೆಸಬೇಕು ಎಂಬುದು ಕಸುಬಿನ ಮೊದಲ ಪಾಠ. ಗಾಬರಿಯಲ್ಲಿ ಅವನು ದೋಸೆಗೆ ತುಪ್ಪ ಹಾಕಿದ ಹಾಗೆ ಸುರಿದ. ಹಿಡಿ ಗಾಜಿನಂತೆ ಹೊಳೆಯಿತು. ಹೊಳೆದರೆ ಜಾರುತ್ತದೆ, ಆರೋಗ್ಯವಂತನ ಕೈಯಲ್ಲೇ ಜಾರುತ್ತದೆ. ಸ್ಪಿರಿಟ್ ಹಾಕಿ ಎಲ್ಲ ಒರೆಸಿ, ಮತ್ತೆ ತೆಳ್ಳಗೆ ಬಳಿದು, ಹೆಂಡತಿಯ ಕೂದಲು ಒಣಗಿಸುವ ಯಂತ್ರ ಹಿಡಿದು ನಿಂತ. ಇನ್ನೂ ಸ್ವಲ್ಪ ಜಿಗುಟು ಇದ್ದಾಗಲೇ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿಸಿತು. ಒಂದು ಮೆಟ್ಟಿಲು, ಮೌನ. ಮತ್ತೊಂದು ಮೆಟ್ಟಿಲು, ಮೌನ.

ಭಾವ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡ. ಅಕ್ಕ ಅವನ ಹಿಂದೆ ನಿಂತಳು.

"ಏನಪ್ಪಾ ಭಾಮೈದ, ಬೆವತಿದ್ದೀಯಲ್ಲ. ಸುಳ್ಳಿಗೆ ಬರ ಬಂತಾ?"

ಬಡಾಯಿಗೆ ಹೋದ ಉಸಿರು ಬಂತು. ಭಾವ ಹೀಗೆ ಕೆಣಕಿ ತಿಂಗಳುಗಳಾಗಿದ್ದವು. ಆ ಗುಳಿಗೆ ಬಟ್ಟೆ ಹೊದಿಸಿ ಕಾಪಾಡಿದ್ದೇನೆ, ಅದರ ಸುತ್ತ ಉಸಿರು ಬಿಗಿಹಿಡಿದು ಕೆಲಸ ಮಾಡಿದ್ದೇನೆ, ನಿಮ್ಮ ಬೆರಳಿನ ಗೆರೆ ಕೂಡ ಅದರಲ್ಲಿ ಅಳಿಸಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಕೋಲನ್ನು ಕೊಟ್ಟ.

ಭಾವನ ಬಲಗೈ ಹಿಡಿಯನ್ನು ಸುತ್ತಿತು. ಸತ್ತ ಎರಡು ಬೆರಳುಗಳು ಸುಮ್ಮನೆ ಅದರ ಮೇಲೆ ಒರಗಿದವು. ಹೆಬ್ಬೆರಳು ಕತ್ತಲಲ್ಲಿ ಸ್ವಿಚ್ಚು ಹುಡುಕುವವನ ಹಾಗೆ ತಡವಿತು, ಮುಂದೆ ಹೋಯಿತು, ಹಿಂದೆ ಬಂತು, ಗುಳಿಗೆ ಇಳಿಯಿತು. ಕೋಲಿನ ತುದಿ ನೆಲದಿಂದ ಮೇಲೆದ್ದಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತುದಿ ಕಿಟಕಿಯ ಎತ್ತರಕ್ಕೆ ಏರಿ ನಿಂತಿತು. ಬಡಾಯಿ ಒಂದು ಹೊಸ ಸುಳ್ಳಿಗೆ ಬಾಯಿ ತೆರೆದ.

ಅಷ್ಟರಲ್ಲಿ ಹಿಡಿ ಕೈಯೊಳಗೆ ಮೆಲ್ಲಗೆ ಹೊರಳಿತು. ಭಾವ ಬಿಗಿಹಿಡಿಯಲು ನೋಡಿದ, ಕತ್ತಿನ ನರ ಉಬ್ಬಿತು. ಕೋಲು ಹೊರಳುತ್ತಲೇ ಹೋಗಿ, ತುದಿ ಇಳಿದು, ನೆಲಕ್ಕೆ ಬಡಿಯಿತು.

ಯಾರೂ ಬಗ್ಗಿ ಎತ್ತಲಿಲ್ಲ. ಭಾವ ತನ್ನ ಖಾಲಿ ಕೈಯನ್ನು ನೋಡಿಕೊಂಡ. ಇದೂ ಹೋಯಿತಲ್ಲ, ಎಂದು ಯಾರಿಗೂ ಅಲ್ಲದ ಹಾಗೆ ಅಂದ. ಕೈಗೆ ಇನ್ನೂ ಬಲ ಬರಬೇಕು ಅಷ್ಟೆ ಎಂದು ಅಕ್ಕ ಸಮಾಧಾನ ಹೇಳಿದಳು. ಆ ಮಾತು ಬಡಾಯಿಗೆ ಉಳಿಯಂತೆ ಚುಚ್ಚಿತು. ಸುಮ್ಮನಿದ್ದರೆ ತಪ್ಪು ಭಾವನ ಕೈಯದ್ದಾಗುತ್ತಿತ್ತು. ಭಾವ ಕಿಟಕಿಯ ಪಕ್ಕಕ್ಕೆ ಮರಳಿ ಹೋಗಿ ಕೂರುತ್ತಿದ್ದ, ಅಷ್ಟೆ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಭಾವ ಎಡಗೈಯಲ್ಲಿ ಕೋಲನ್ನು ಎತ್ತಿಕೊಂಡು, ಗುಳಿಯನ್ನು ಇನ್ನೊಮ್ಮೆ ಸವರಿದ. ಸವರಿದ ಕಡೆಯೇ ಬೆರಳು ನಿಂತಿತು.

"ನಾನು ಕೋಲನ್ನ ಓರೆಯಾಗಿ ಹಿಡಿಯೋನು. ನನ್ನ ಗುಳಿ ಎಡಕ್ಕೆ ವಾಲಿತ್ತು. ಇಲ್ಲಿ ಯಾರೋ ನೆಟ್ಟಗೆ ಕೂತಿದ್ದಾರಲ್ಲೋ. ಯಾರಪ್ಪ ಇದು?"

ಬಡಾಯಿಯ ಬಾಯಿಗೆ ಮೂರು ಸುಳ್ಳು ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು.

"ನಾನೇ, ಭಾವ."

"ಸುಳ್ಳುಗಾರನ ಬೆರಳು ಇಷ್ಟು ನೆಟ್ಟಗಿರುತ್ತಾ?"

ಅಕ್ಕ ಏನೋ ಹೇಳಲು ಬಂದಳು, ಭಾವ ಕೈಯೆತ್ತಿ ತಡೆದ. ಮೇಜಿನ ಮೇಲಿದ್ದ ಮರಳುಕಾಗದದ ಚೂರನ್ನು ತೆಗೆದು ತನ್ನ ಬಲಗೈಯ ಹೆಬ್ಬೆರಳಿಗೆ ತಾನೇ ಸುತ್ತಿಕೊಳ್ಳಲು ನೋಡಿದ. ಕಾಗದ ಉದುರಿತು. ಮತ್ತೆ ತೆಗೆದು ಸುತ್ತಿಕೊಂಡ. ನಾನೇ ಉಜ್ಜಿಕೊಳ್ತೀನಿ, ಎಲ್ಲಿ ನನ್ನ ಕಾರ್ಕು, ಎಲ್ಲಿ ನಿನ್ನ ಪುಡಿ, ಎಷ್ಟು ಆಳ ಉಳಿದಿದೆ, ಅದನ್ನ ಮಾತ್ರ ಸರಿಯಾಗಿ ಹೇಳು ಎಂದ.

ಬಡಾಯಿ ನೆಲದ ಮೇಲೆ ಮಂಡಿಯೂರಿ ಭಾವನ ಬೆರಳನ್ನು ಹಿಡಿದು ಹಿಡಿಯ ಮೇಲೆ ಇಟ್ಟ.

"ಇಲ್ಲಿಂದ ಇಲ್ಲೀವರೆಗೆ ನಾನು ತುಂಬಿದ್ದು. ಇಲಿ ಕಡಿದಿದೆ ಅಂದ್ಕೊಂಡೆ. ಅಕ್ಕ ಹೇಳ್ತಿದ್ಲು, ನಾನು ಕೇಳಿಸ್ಕೊಳ್ಳಲಿಲ್ಲ. ಈ ಎಡಗಡೆ ನಿಮ್ಮ ಕಾರ್ಕೇ ಇದೆ, ಆದ್ರೆ ಬೆಳಗ್ಗೆ ಉಳಿ ಬಿದ್ದು ಒಂದು ಚೂರು ಹೋಯ್ತು. ಕೆಳಗೆ ಸ್ವಲ್ಪವೇ ಕಾರ್ಕು ಉಳಿದಿರೋದು, ಅದೂ ಸವೆದ್ರೆ ಕೋಲೇ ಹೋಗುತ್ತೆ."

"ಸ್ವಲ್ಪ ಅಂದ್ರೆ? ನಿನ್ನ ಲೆಕ್ಕದಲ್ಲೋ, ಜನರ ಲೆಕ್ಕದಲ್ಲೋ?"

"ಸ್ವಲ್ಪ ಅಂದ್ರೆ ಸ್ವಲ್ಪವೇ, ಭಾವ. ಸಾಕಾಗುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನನಗೆ ಭಯ ಆಗ್ತಿದೆ."